ಪೈರು ಎದ್ದು ಬಿಟ್ಟುಕೊಟ್ಟ ಕಾಲುದಾರಿ

ಒಂದಾನೊಂದು ಕಾಲದಲ್ಲಿ, ಬಡವರಿಗೆ ಕಾಲೇ ಗಾಡಿ ಆಗಿದ್ದಾಗ, ಕಲ್ಲುಕುಂಟೆ ಅನ್ನೋ ಊರಲ್ಲಿ ಮಾಳವ್ವ ಅಂತ ಒಬ್ಬಳು ಇದ್ಲಂತೆ. ಇದ್ದೊಬ್ಬ ಮಗಳು ಪುಟ್ಟೀರಿಯನ್ನ ಗುಡ್ಡದಾಚೆ ಊರಿಗೆ ಕೊಟ್ಟಿದ್ಲಂತೆ. ಪಟೇಲನ ಹೊಲದ ನಡುವೆ ಒಂದು ಕಾಲುದಾರಿ, ಅದರಲ್ಲಿ ಹೋದ್ರೆ ಒಲೆ ಮೇಲಿಟ್ಟ ಹುರುಳಿ ಬೇಯೋದ್ರೊಳಗೆ ಮಗಳ ಮನೆ. ಬಂಡಿದಾರಿ ಹಿಡಿದ್ರೆ ಸುತ್ತಿ ಬಳಸಿ ಹೊತ್ತು ಮುಳುಗ್ತಿತ್ತಂತೆ. ಆ ವರ್ಷ ಮಗಳು ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗ್ಬೇಕಲ್ಲ, ತುಂಬಿದ ಹೊಟ್ಟೇಲಿ ಅಷ್ಟು ದೂರ ಹೆಂಗೆ ನಡೆದಾಳು, ಈ ಕಾಲುದಾರೀಲೇ ಬರ್ಬೇಕು.

ಆ ಸೀಮೇಲಿ ಒಂದು ಕಟ್ಟಳೆ ಇತ್ತಂತೆ. ವರ್ಷ ಪೂರ್ತಿ ಯಾರೂ ತುಳೀದಿರೋ ದಾರಿ ಹೊಲದ ಒಡೆಯನಿಗೆ ಸೇರುತ್ತೆ ಅಂತ. ಪಟೇಲನಿಗೆ ಆಸೆ ಹುಟ್ತು. ಮೊದಲು ದಾರಿಗೆ ಜಾಲಿಮುಳ್ಳು ಹಾಕಿಸಿದ್ನಂತೆ. ಮಾಳವ್ವ ಮನೆಮನೆಗೂ ಹೋಗಿ, ಏಳ್ರಪ್ಪ, ಏಳ್ರವ್ವ, ಇವತ್ತು ನನ್ನ ದಾರಿ, ನಾಳೆ ನಿಮ್ಮ ದಾರಿ, ಎಲ್ಲಾರೂ ಸೇರಿ ನಡೆಯೋಣ ಅಂದ್ಲಂತೆ. ಜನ ಬಂದ್ರು, ಮುಳ್ಳೆಳೆದು ತಂತಮ್ಮ ಒಲೆಗೆ ಹೊತ್ಕೊಂಡು ಹೋದ್ರು. ಆಮೇಲೆ ಪಟೇಲ ಅಡ್ಡಲಾಗಿ ಗುಂಡಿ ತೋಡಿಸಿದ, ಜನ ತಲೆಗೊಂದು ಕಲ್ಲು ತಂದು ತುಂಬಿಸಿ ಅದರ ಮೇಲೇ ನಡೆದ್ರಂತೆ.

ಆಮೇಲೆ ಏನು ಮಾಡಿದ ಗೊತ್ತಾ ಆ ಕಿಲಾಡಿ? ದಾರಿ ಉತ್ತು ರಾಗಿ ಚೆಲ್ಲಿಬಿಟ್ಟ. ಸೋನೆ ಹಿಡೀತು, ದಾರಿಯೆಲ್ಲಾ ಹಸಿರಾಯ್ತು. ಜನ ಬಂದು ನಿಂತೇಬಿಟ್ರಂತೆ. ಪೈರು ಅಂದ್ರೆ ಲಕ್ಷ್ಮಿ, ತುಳಿಯೋದುಂಟಾ? ಆ ಊರೋರು ಉಪವಾಸ ಇದ್ದಾರು, ಪೈರಿನ ಮೇಲೆ ಮಾತ್ರ ಕಾಲಿಡರು. ಇದೊಂದು ನಮ್ಮ ಕೈಲಾಗಲ್ಲ ಮಾಳವ್ವ ಅಂತ ಒಬ್ಬೊಬ್ಬರೇ ಹಿಂದಕ್ಕೆ ಹೊರಟ್ರಂತೆ. ಮಾಳವ್ವನಿಗೂ ಕಾಲೆತ್ತೋಕೆ ಆಗ್ಲಿಲ್ಲ. ಬದುವಿನ ಮೇಲೆ ಕೂತು ಗಳಗಳ ಅತ್ಲಂತೆ.

ಅಳ್ತಾ ಅಳ್ತಾ ನೋಡ್ತಾಳೆ, ಪಟೇಲನ ಹೊಲದಲ್ಲಿ ಬೀಜ ಸರಿಯಾಗಿ ಹುಟ್ಟದೆ ಎಷ್ಟೋ ಸಾಲು ಬೋಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ಲು. ತುಳಿಯೋದು ಬೇಡ, ಕಿತ್ತು ನಾಟಿ ಹಾಕೋಣ ಬನ್ರೇ, ಒಂದು ಪೈರೂ ಸಾಯಬಾರ್ದು ಅಂತ ಕೂಗಿದ್ಲಂತೆ. ಊರಿಗೆ ಊರೇ ಬಗ್ಗಿತು. ದಾರಿಯ ಪೈರೆಲ್ಲಾ ಬೇರುಸಮೇತ ಎದ್ದು ಬೋಳು ಸಾಲಲ್ಲಿ ಹೋಗಿ ನಿಂತಿತಂತೆ. ಪಟೇಲ ದೊಣ್ಣೆ ಹಿಡ್ಕೊಂಡು ಓಡಿಬಂದ. ನೋಡಿದ್ರೆ ಅವನ ಹೊಲಕ್ಕೇ ನಾಟಿ ಹಾಕ್ತಿದಾರೆ, ಏನಂತ ಬೈದಾನು? ದೊಣ್ಣೆ ಊರ್ಕೊಂಡು ಬಂದ ಹಾದೀಲೇ ಹಿಂದಕ್ಕೆ ಹೋದ್ನಂತೆ.

ತೆನೆ ಬಾಗೋ ಹೊತ್ತಿಗೆ ಪುಟ್ಟೀರಿ ತವರಿಗೆ ಹೊರಟ್ಲಂತೆ, ಪಕ್ಕದಲ್ಲಿ ಕರೆಯೋಕೆ ಬಂದ ಮಾಳವ್ವ, ಹಿಂದೆ ಮುಂದೆ ಊರ ಹೆಂಗಸರು. ಅರ್ಧ ದಾರೀಲೇ ನೋವು ಶುರುವಾಯ್ತು. ಇನ್ನು ಆಗಲ್ಲವ್ವ ಅಂದ್ಲು. ಆಗುತ್ತೆ ಕಣೇ, ಅಗೋ ನಮ್ಮನೆ ಸೂರು ಕಾಣ್ತಿದೆ, ನಡಿ ಅಂದ್ಲಂತೆ ಮಾಳವ್ವ. ಹೊಸಲು ದಾಟಿದ ಮೇಲೇ ಹೆಣ್ಣುಮಗು ಹುಟ್ತಂತೆ.

ಆಮೇಲಿಂದ, ಎತ್ತಿಗೆ ನೊಗ ಕಟ್ಟದ ಸೋಮವಾರ, ಊರೋರೆಲ್ಲಾ ಸೇರಿ ಮರೆತುಹೋದ ದಾರಿಗಳನ್ನ ಹುಡುಕ್ಕೊಂಡು ನಡೆಯೋಕೆ ಶುರು ಮಾಡಿದ್ರಂತೆ. ಮುದುಕರು ಇಲ್ಲೊಂದಿತ್ತು ಕಣ್ರೋ ಅನ್ನೋರು, ಎಲ್ಲಾರೂ ಅತ್ಲಾಗೆ ತಿರುಗೋರು. ವರ್ಷ ತುಂಬಿ ಆ ಮಗು ತಪ್ಪುಹೆಜ್ಜೆ ಇಡೋವಾಗ ಮಾಳವ್ವ ಅದನ್ನ ಕಾಲುದಾರೀಲಿ ಇಳಿಸಿದ್ಲಂತೆ. ಎದುರಿಗೆ ಪಟೇಲ ಬಂದ. ಅವನು ಪಕ್ಕದ ಬದುವಿಗೆ ಸರಿದು, ನಡಿ ತಾಯಿ, ದಾರಿ ನಿಂದು ಅಂದ್ನಂತೆ.

ಮಗು ನಡ್ಕೊಂಡೇ ಮನೆ ಸೇರ್ತು, ಕತೇನೂ ಮುಗೀತು. ಕಣ್ಮುಚ್ಚು.