ಗೇಟಿನಲ್ಲಿ ಆರಿಸಿದ ಎಂಜಿನ್

“ಗುರುಗಳೇ, ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದವರಿಗೆ ಕೇಡಾಗಲು ಸಾಧ್ಯವೇ?” ಎಂದು ಶಿಷ್ಯ ಕೇಳಿದ.

ಅವನು ಆಶ್ರಮಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಅಲ್ಲಿನ ನಿಯಮಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ದಿನವೂ ಪಾಲಿಸಿದವುಗಳ ಮುಂದೆ ಗುರುತು ಹಾಕುತ್ತಿದ್ದ. ಕೇಡಾಗುವುದಿಲ್ಲ ಎಂಬ ಉತ್ತರ ಅವನಿಗೆ ಬೇಕಾಗಿತ್ತು. ಗುರುಗಳು ಅದನ್ನು ಕೊಡಲಿಲ್ಲ. ಕತೆ ಹೇಳಿದರು.

“ಬೀಜದಂಗಡಿಯವನೊಬ್ಬನ ಹೆಂಡತಿ ಹಳೆಯ ಟರ್ಬೊ ಕಾರೊಂದನ್ನು ಕೊಂಡಳು.”

“ಕಾರೇ?” ಎಂದ ಶಿಷ್ಯ.

“ರಾಜನ ಕುದುರೆಯ ಕತೆ ಹೋದ ವರ್ಷ ಹೇಳಿಯಾಗಿದೆ. ನೀನು ಅದನ್ನು ಬರೆದುಕೊಂಡು ಮರೆತೆ,” ಎಂದು ಗುರುಗಳು ಮುಂದುವರಿಸಿದರು.

ಅವಳಿಗೆ ಒಬ್ಬಳೇ ಮಗಳು. ಹುಟ್ಟಿನಿಂದ ಕಿವುಡಿ. ಐದು ತುಂಬಿತ್ತು. ವೈದ್ಯರು ಕಿವಿಗೆ ಮೆಷಿನ್ ಹಾಕಿ ಹೇಳಿದರು: “ಮೆಷಿನ್ ಶಬ್ದವನ್ನು ಕಿವಿಯವರೆಗೆ ತರುತ್ತದೆ, ಅಷ್ಟೇ. ಅದು ಶಬ್ದ ಅಂತ ಮಗುವಿಗೆ ತಿಳಿಯಬೇಕಾದರೆ ಶಾಲೆಗೆ ಹೋಗಬೇಕು. ಏಳು ತುಂಬುವುದರೊಳಗೆ ಕಲಿತರೆ ಮಾತು ಬರುತ್ತದೆ. ಆಮೇಲೆ ಕಷ್ಟ.” ಆಗುವುದಿಲ್ಲ ಎನ್ನಬೇಕಾದಾಗ ವೈದ್ಯರು ಕಷ್ಟ ಎನ್ನುತ್ತಾರೆಂದು ಆ ತಾಯಿಗೆ ಗೊತ್ತಿತ್ತು.

ಶಾಲೆ ಮೂವತ್ತೊಂದು ಕಿಲೋಮೀಟರ್ ದೂರದಲ್ಲಿ, ಒಂದು ಬೆಟ್ಟದ ತುದಿಯಲ್ಲಿತ್ತು. ಪೇಟೆಯ ಗದ್ದಲ ಬೇಡವೆಂದು ಅಲ್ಲಿ ಕಟ್ಟಿದ್ದರು. ಪಾಠ ಒಂಬತ್ತಕ್ಕೆ ಶುರು. ತಾಯಿಯೂ ಮಗುವಿನ ಜೊತೆ ಕೂರಬೇಕು. ಬಸ್ಸು ಅಲ್ಲಿಗೆ ತಲುಪುವುದು ಹತ್ತೂವರೆಗೆ. ಹೀಗಾಗಿ ಅವಳು ಕಾರು ಓಡಿಸಲು ಕಲಿತಳು. ಹೊಸ ಕಾರು ಕೈಗೆ ಎಟುಕಲಿಲ್ಲ. ಹಳೆಯ ಸಣ್ಣ ಕಾರುಗಳು ಬೆಟ್ಟದ ಅರ್ಧಕ್ಕೇ ಏದುಸಿರು ಬಿಡುತ್ತಿದ್ದವು.

“ನೀವು ಏರೋ ಗಾಡಿ ಕೇಳಿದ್ರಿ. ಇದು ಏರೋ ಗಾಡಿ,” ಎಂದ ಮಾರುವವನು. “ನಾನು ಭಾನುವಾರ ಬಿಟ್ಟು ಬೇರೆ ದಿನ ತೆಗೀತಾನೇ ಇರಲಿಲ್ಲ.”

ಮಾರುವವರ ಬಾಯಲ್ಲಿ ಹಳೆಯ ಕಾರುಗಳೆಲ್ಲ ಭಾನುವಾರ ಮಾತ್ರ ಓಡಿದವು. ಅವಳು ನಂಬಲಿಲ್ಲ. ಒಬ್ಬ ಮೆಕ್ಯಾನಿಕ್‌ನನ್ನು ಕರೆತಂದು ತೋರಿಸಿದಳು. ಅವನು ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು, ಬೆರಳಿಗೆ ಸವರಿಕೊಂಡು, ಮೂಸಿದ.

“ಹಿಂದಿನವರು ಆಯಿಲ್ ತಡವಾಗಿ ಬದಲಾಯಿಸಿದಾರೆ ಅಕ್ಕಾ. ಆದರೂ ಪರವಾಗಿಲ್ಲ, ತಗೊಳ್ಳಿ. ಆದರೆ ಟರ್ಬೊ ಅಂದರೆ ಸ್ವಲ್ಪ ನಾಜೂಕು. ಒಳಗೆ ಒಂದು ಸಣ್ಣ ಚಕ್ರ ಇದೆ. ಎಂಜಿನ್ ಬಿಡೋ ಹೊಗೆನೇ ಅದನ್ನ ತಿರುಗಿಸುತ್ತೆ, ಅದು ಎಂಜಿನ್‌ಗೆ ಗಾಳಿ ತುಂಬುತ್ತೆ. ಬೆಟ್ಟ ಹತ್ತಿದ ಮೇಲೆ ಅದು ಕೆಂಡ ಆಗಿರುತ್ತೆ. ಟಪ್ ಅಂತ ಆರಿಸಬೇಡಿ. ಎರಡು ನಿಮಿಷ ನಿಂತಲ್ಲೇ ಓಡೋಕೆ ಬಿಡಿ. ಆಯಿಲ್ ಹರೀತಾ ಇದ್ದರೆ ತಣಿಯುತ್ತೆ. ಇಲ್ಲದಿದ್ದರೆ ನಿಂತ ಆಯಿಲ್ ಅಲ್ಲೇ ಸುಟ್ಟು ಕರಿ ಕಟ್ಟುತ್ತೆ.”

ಅವಳು ಎಲ್ಲವನ್ನೂ ಪಾಲಿಸಿದಳು. ಕಂಪನಿಯ ಪುಸ್ತಕ ಹತ್ತು ಸಾವಿರ ಕಿಲೋಮೀಟರಿಗೆ ಆಯಿಲ್ ಬದಲಾಯಿಸು ಎಂದರೆ ಅವಳು ಐದು ಸಾವಿರಕ್ಕೇ ಬದಲಾಯಿಸಿದಳು. ಬೆಳಿಗ್ಗೆ ಎಂಜಿನ್ ಬೆಚ್ಚಗಾಗುವವರೆಗೆ ಮೆಲ್ಲಗೆ ಓಡಿಸಿದಳು. ಗಂಡ ಎಂದಾದರೂ ಓಡಿಸಲು ಕೂತರೆ, ಪಕ್ಕದಲ್ಲಿ ಕೂತು ಅವನ ಕಾಲನ್ನೇ ನೋಡುತ್ತಿದ್ದಳು.

“ಮದುವೆಯಾಗಿ ಒಂಬತ್ತು ವರ್ಷ ಆಯ್ತು. ನನ್ನನ್ನ ಒಂದು ದಿನ ಹೀಗೆ ನೋಡಿಲ್ಲ ನೀನು,” ಎಂದ ಅವನು.

“ನಿಮಗೆ ಟರ್ಬೊ ಇಲ್ಲವಲ್ಲ,” ಎಂದಳು ಅವಳು.

ಒಂದನ್ನು ಮಾತ್ರ ಪಾಲಿಸಲು ಆಗಲಿಲ್ಲ. ಶಾಲೆಯ ಗೇಟು ಏರು ಮುಗಿಯುವ ಜಾಗದಲ್ಲೇ ಇತ್ತು. ಅಲ್ಲಿ ಒಂದು ಬೋರ್ಡು: ಎಂಜಿನ್ ಇಲ್ಲೇ ಆರಿಸಿ. ಒಳಗಿನ ಅಂಗಳ ಇಳಿಜಾರು. ಬಂದ ವಾಹನಗಳೆಲ್ಲ ಗೇಟಿನಲ್ಲಿ ಎಂಜಿನ್ ಆರಿಸಿ, ಸದ್ದಿಲ್ಲದೆ ಉರುಳಿಕೊಂಡು ಒಳಗೆ ಹೋಗಬೇಕು. ಹಾಲಿನ ವ್ಯಾನೂ ಹಾಗೇ ಹೋಗುತ್ತಿತ್ತು.

ಮೊದಲ ದಿನ ಅವಳು ಗೇಟಿನ ಮುಂದೆ ಎಂಜಿನ್ ಓಡಿಸುತ್ತ ನಿಂತಾಗ ಕಾವಲುಗಾರ ಓಡಿಬಂದ.

“ಆರಿಸಮ್ಮಾ! ಒಳಗೆ ಮಕ್ಕಳು ಕಿವಿಗೆ ಮೆಷಿನ್ ಹಾಕ್ಕೊಂಡು ಕೂತವೆ.”

ಅವಳು ಮುಖ್ಯ ಶಿಕ್ಷಕಿಯನ್ನು ಕಂಡು ಎರಡು ನಿಮಿಷದ ವಿಷಯ ಹೇಳಿದಳು. ಶಿಕ್ಷಕಿ ಒಳ್ಳೆಯವರು. ಅವಳನ್ನು ತರಗತಿಯೊಳಗೆ ಕರೆದೊಯ್ದು, ಒಂದು ಮೆಷಿನ್ ಅನ್ನು ಅವಳ ಕಿವಿಗೇ ಇಟ್ಟು, ಕಾವಲುಗಾರನಿಗೆ ಬೈಕು ಸ್ಟಾರ್ಟ್ ಮಾಡಲು ಹೇಳಿದರು. ಕಿವಿಯೊಳಗೇ ಹಿಟ್ಟಿನ ಗಿರಣಿ ತಿರುಗಿದ ಹಾಗಾಯಿತು. ಅವಳು ಮತ್ತೆ ಆ ಮಾತೆತ್ತಲಿಲ್ಲ. ಕೆಳಗಿನ ತಿರುವಿನಲ್ಲಿ ಎರಡು ನಿಮಿಷ ನಿಲ್ಲೋಣವೆಂದರೆ ಅಲ್ಲಿಂದ ಮತ್ತೆ ಏರಬೇಕು. ಏರಿದರೆ ಟರ್ಬೊ ಮತ್ತೆ ಕಾದು ಕೆಂಡವಾಗುತ್ತದೆ. ಮೂವತ್ತು ಮಕ್ಕಳ ಕಿವಿ ಒಂದು ಕಡೆ, ಒಂದು ಚಕ್ರ ಇನ್ನೊಂದು ಕಡೆ. ಅವಳು ಗೇಟಿನಲ್ಲಿ ಎಂಜಿನ್ ಆರಿಸಿ ಉರುಳಿಕೊಂಡು ಒಳಗೆ ಹೋದಳು. ದಿನವೂ ಹೋದಳು.

ಅಲ್ಲಿ ಪಾಠವೆಂದರೆ ಇಷ್ಟೇ. ಮಗುವಿನ ಕೈಯಲ್ಲಿ ಒಂದು ಮಣಿ, ಮುಂದೆ ಒಂದು ಬಟ್ಟಲು. ಮಗು ಮಣಿಯನ್ನು ಕೆನ್ನೆಗೆ ಹಿಡಿದು ಕಾಯಬೇಕು. ಶಿಕ್ಷಕಿ ಹಿಂದಿನಿಂದ ಶಬ್ದ ಮಾಡಿದಾಗ, ಅದು ಕೇಳಿಸಿದರೆ ಮಣಿಯನ್ನು ಬಟ್ಟಲಿಗೆ ಹಾಕಬೇಕು. ಡೋಲು, ಗಂಟೆ, ತಟ್ಟೆ, ಎಲ್ಲವೂ ಆಯಿತು. ಏಳು ತಿಂಗಳು ಆ ಮಗು ಮಣಿ ಹಿಡಿದು ಕೂತಿತ್ತು. ಬಟ್ಟಲಿಗೆ ಒಂದೂ ಬೀಳಲಿಲ್ಲ. ಮನೆಯಲ್ಲೂ ಅಭ್ಯಾಸ ಮಾಡಿಸಿ ಎಂದಿದ್ದರು. ದಾರಿಯಲ್ಲೂ ಮಾಡಿಸಿ ಎಂದಿದ್ದರು. ತಾಯಿ ಕಾರಿನಲ್ಲೂ ಒಂದು ಬಟ್ಟಲು ಇಟ್ಟಳು.

ಎಂಟನೆಯ ತಿಂಗಳು, ಒಂದು ಸೋಮವಾರ, ಬೆಟ್ಟದ ಮೂರನೆಯ ತಿರುವಿನಲ್ಲಿ ಹಿಂದಿನ ಸೀಟಿನಿಂದ ಟಣ್ ಎಂದಿತು. ತಾಯಿ ಕನ್ನಡಿಯಲ್ಲಿ ನೋಡಿದಳು. ಮಗು ಬಟ್ಟಲಿಗೆ ಮಣಿ ಹಾಕಿತ್ತು. ಇನ್ನೊಂದು ಮಣಿಯನ್ನು ಕೆನ್ನೆಗೆ ಹಿಡಿದಿತ್ತು. ನಾಲ್ಕನೆಯ ತಿರುವಿನ ಏರಿಗೆ ಅದನ್ನೂ ಹಾಕಿತು. ಆಗ ತಾಯಿಯೂ ಗಮನವಿಟ್ಟು ಆಲಿಸಿದಳು. ಏರಿನಲ್ಲಿ ಎಂಜಿನ್ನಿನೊಳಗಿಂದ ‘ಊ’ ಎಂಬ ಒಂದು ಸಣ್ಣ ಕೂಗು ಬರುತ್ತಿತ್ತು. ಮೊದಲು ಅದು ಇರಲಿಲ್ಲ.

ಆ ವಾರದ ಕೊನೆಗೆ ಮಗು ತಾನೂ “ಊ” ಎಂದಿತು. ಶಿಕ್ಷಕಿ ಕಣ್ಣೊರೆಸಿಕೊಂಡರು. “ಇದರಿಂದಲೇ ಊಟ ಅನ್ನಿಸೋಣ,” ಎಂದರು. ಬೀಜದಂಗಡಿಯವನು ಆ ಭಾನುವಾರ ಬೀದಿಗೆಲ್ಲ ಸಿಹಿ ಹಂಚಿದ. ಹೆಂಡತಿ ಕಾರನ್ನು ಮೆಕ್ಯಾನಿಕ್‌ನ ಬಳಿಗೆ ಒಯ್ದಳು.

“ಆ ಸಣ್ಣ ಚಕ್ರದ ಬೇರಿಂಗ್ ಸವೆದಿದೆ ಅಕ್ಕಾ,” ಎಂದ ಅವನು. “ಟರ್ಬೊ ಕೂಗ್ತಾ ಇದೆ. ಬಿಚ್ಚಿ ಬೇರೆ ಹಾಕಬೇಕು.”

“ಹಾಕಿದರೆ ಶಬ್ದ?”

“ಹೋಗುತ್ತೆ. ಶಬ್ದ ಹೋಗಲಿ ಅಂತ ತಾನೇ ಹಾಕೋದು?”

“ಹಾಗೇ ಬಿಟ್ಟರೆ ಎಷ್ಟು ದಿನ ಬರುತ್ತೆ?”

“ನಾಳೆನೇ ಹೋಗಬಹುದು. ಒಂದು ವರ್ಷ ಬಂದರೂ ಬರಬಹುದು. ಹೇಳೋಕಾಗಲ್ಲ.”

ಅವಳು ತಾನೇ ನಿರ್ಧರಿಸಲಿಲ್ಲ. ಶಾಲೆಗೆ ಹೋಗಿ ಕೇಳಿದಳು. ಮುಖ್ಯ ಶಿಕ್ಷಕಿ ಬಹಳ ಹೊತ್ತು ಯೋಚಿಸಿ ಹೇಳಿದರು: “ಮಗು ಹಿಡಿದಿರುವುದು ಈ ಒಂದು ಶಬ್ದವನ್ನು. ಇದು ಗಟ್ಟಿಯಾಗಿ ನಿಂತ ಮೇಲೆ ಬೇರೆ ಶಬ್ದಗಳು ಬರುತ್ತವೆ. ಈಗಲೇ ಇದನ್ನು ತೆಗೆದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಇದು ಗಟ್ಟಿಯಾಗಲು ಮೂರು ತಿಂಗಳು ಬೇಕು.” ಅವರು ಹೇಳಿದ್ದು ಸರಿಯಾಗಿತ್ತು. ಮೆಕ್ಯಾನಿಕ್ ಹೇಳಿದ್ದೂ ಸರಿಯಾಗಿತ್ತು.

ಅವಳು ದಿನವೂ ಬೆಟ್ಟ ಹತ್ತಿಸಿದಳು. ಕೂಗು ದಿನದಿಂದ ದಿನಕ್ಕೆ ಜೋರಾಯಿತು. ಮಣಿಗಳೂ ಹೆಚ್ಚಾದವು. ಎರಡನೆಯ ತಿಂಗಳು ಮಗು ಡೋಲಿಗೂ ಒಮ್ಮೆ ಮಣಿ ಹಾಕಿತು. ಒಂದು ಸಂಜೆ ತಟ್ಟೆಯ ಮುಂದೆ ಕೂತು “ಊ... ಆ” ಎಂದಿತು. ಊಟ ಎನ್ನಲು ನಡುವಿನ ‘ಟ್’ ಒಂದು ಬಾಕಿ ಇತ್ತು.

ಮೂರನೆಯ ತಿಂಗಳ ನಾಲ್ಕನೆಯ ದಿನ, ಎರಡನೆಯ ತಿರುವಿನಲ್ಲಿ, ಟರ್ಬೊ ಒಡೆಯಿತು. ನೀಲಿ ಹೊಗೆ ರಸ್ತೆಯನ್ನೆಲ್ಲ ಮುಚ್ಚಿತು. ಒಡೆದ ಚೂರುಗಳನ್ನು ಎಂಜಿನ್ ನುಂಗಿತ್ತು. “ಎಂಜಿನ್ ಪೂರ್ತಿ ಇಳಿಸಬೇಕು. ಆರು ವಾರ,” ಎಂದ ಮೆಕ್ಯಾನಿಕ್. ಟರ್ಬೊ ಚಕ್ರದ ಬುಡದಲ್ಲಿ ಕಟ್ಟಿದ್ದ ಕರಿಯನ್ನು ಸ್ಕ್ರೂಡ್ರೈವರಿನಿಂದ ಕೆರೆದು ತೋರಿಸಿದ. ಬೈಯಬೇಕೆಂದು ಬಾಯಿ ತೆರೆದವನು ಅವಳ ಮುಖ ನೋಡಿ, ಟೀ ತರಿಸಲೇ ಎಂದು ಕೇಳಿದ.

ಅವಳು ಬಸ್ಸು ಹತ್ತಿದಳು. ಬಸ್ಸಿನ ಗದ್ದಲಕ್ಕೆ ಮಗು ಕಿರುಚಿ ಮೆಷಿನ್ ಕಿತ್ತೆಸೆಯಿತು. ಹತ್ತೂವರೆಗೆ ತಲುಪಿದರೆ ಪಾಠ ಮುಗಿಯುತ್ತ ಬಂದಿರುತ್ತಿತ್ತು. ಎಂಟು ದಿನ ಹೀಗೆ ನಡೆಯಿತು. ಆಮೇಲೆ ಮಗು ಬಸ್ಸು ಹತ್ತಲು ಒಪ್ಪಲೇ ಇಲ್ಲ. ಸತತವಾಗಿ ಮೂರು ವಾರ ಪಾಠ ತಪ್ಪಿದವರ ಜಾಗವನ್ನು ಕಾಯುತ್ತಿರುವ ಇನ್ನೊಂದು ಮಗುವಿಗೆ ಕೊಡಬೇಕೆಂಬುದು ಶಾಲೆಯ ನಿಯಮ. ನಿಯಮದ ಪತ್ರ ಬಂತು. ಅದರಲ್ಲಿ ಒಂದೂ ಕಟುವಾದ ಮಾತಿರಲಿಲ್ಲ. ಅವಳು ಹೋಗಿ, ಜಾಗ ಪಡೆದ ಮಗುವನ್ನು ನೋಡಿದಳು. ಅದಕ್ಕೂ ಕಿವಿ ಕೇಳುತ್ತಿರಲಿಲ್ಲ. ಆದ್ದರಿಂದ ಸಿಟ್ಟಾಗಲೂ ದಾರಿಯಿರಲಿಲ್ಲ. ಮತ್ತೆ ಸರದಿ ಬರುವುದು ಯಾವಾಗ ಎಂದು ಕೇಳಿದಳು. ಎರಡು ವರ್ಷ ಎಂದರು. ಮಗಳಿಗೆ ಆಗಲೇ ಆರು ತುಂಬಿತ್ತು.

ಆರು ವಾರಕ್ಕೆ ಸರಿಯಾಗಿ ಕಾರು ಬಂತು. ಮೆಕ್ಯಾನಿಕ್ ಚೆನ್ನಾಗಿ ಕೆಲಸ ಮಾಡಿದ್ದ. ಶಾಲೆ ಇಲ್ಲದಿದ್ದರೂ ಅವಳು ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬೆಟ್ಟ ಹತ್ತಿಸಿದಳು. ಕಾರು ನೀರು ಕುಡಿದ ಹಾಗೆ ಸಲೀಸಾಗಿ ಏರಿತು. ಎಲ್ಲಿಯೂ ಸದ್ದಿರಲಿಲ್ಲ. ಮಗು ಮಣಿಯನ್ನು ಕೆನ್ನೆಗೆ ಹಿಡಿದು ತುದಿಯವರೆಗೂ ಕಾಯುತ್ತ ಕೂತಿತ್ತು.

ಗುರುಗಳು ನಿಲ್ಲಿಸಿದರು. ಶಿಷ್ಯ ಕತೆಯನ್ನು ಹಿಂದಕ್ಕೂ ಮುಂದಕ್ಕೂ ತಿರುವಿ ನೋಡಿದ. ಗೇಟಿನ ಬಳಿ ನಿಂತ, ಮೆಕ್ಯಾನಿಕ್‌ನ ಬಳಿ ನಿಂತ, ಶಿಕ್ಷಕಿಯ ಬಳಿಯೂ ನಿಂತ.

“ಹಾಗಾದರೆ ಅವಳು ತಪ್ಪಿದ್ದೆಲ್ಲಿ, ಗುರುಗಳೇ?”

“ತಪ್ಪಿದ್ದರೆ ತಿದ್ದಿಕೊಳ್ಳುತ್ತಿದ್ದಳು,” ಎಂದರು ಗುರುಗಳು.