ಅಂಬಿಗರ ಮನೆಯ ಕೊಸರು

"ಬುದ್ಧಿ, ಇದ್ದದ್ದರಲ್ಲಿ ಉಣ್ಣಿ ಎಂದರೆ ಜನಕ್ಕೆ ಯಾಕೆ ಇಷ್ಟು ಸಿಟ್ಟು ಬರುತ್ತದೆ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಗುರುಪಾದ. ಮಠದ ಉಗ್ರಾಣ ಅವನ ಕೈಯಲ್ಲಿತ್ತು. ಆ ವರ್ಷ ಮಠಕ್ಕೆ ಬರುವ ದವಸ ಅರ್ಧಕ್ಕಿಳಿದಿತ್ತು. ಅವನು ಹಿಂದೆಮುಂದೆ ನೋಡದೆ ಒಂದೇ ದಿನ ಅಡುಗೆಮನೆಗೆ ಕೊಡುವ ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ ಎಲ್ಲವನ್ನೂ ಅರ್ಧ ಮಾಡಿದ್ದ. ತನ್ನ ಊಟವನ್ನಂತೂ ಒಂದು ಹೊತ್ತಿಗೆ ಇಳಿಸಿದ್ದ. ಹದಿನೈದು ದಿನಕ್ಕೆ ಅಡುಗೆಯವರು ಮುಖ ತಿರುಗಿಸಿದರು. ಇಬ್ಬರು ಬೇರೆ ಮಠಕ್ಕೆ ಹೊರಟು ನಿಂತರು. ಉಗ್ರಾಣದ ಬೀಗದ ಕೈಯನ್ನು ಒಪ್ಪಿಸಿ ತಾನೂ ಊರಿಗೆ ಹೋಗಿಬಿಡುವುದೆಂದು ಅವನು ಬಂದಿದ್ದ. ಬರುವಾಗ ಪದ್ಧತಿಯಂತೆ ಗುರುಗಳಿಗೆ ಬೆಳಗಿನ ಹಾಲನ್ನೂ ತಂದಿದ್ದ.

ಗುರುಗಳು ಹಾಲಿನ ಲೋಟವನ್ನು ತೆಗೆದುಕೊಂಡು ಪಕ್ಕಕ್ಕಿಟ್ಟರು. ಅವನು ಮುಂದಿಟ್ಟ ಬೀಗದ ಕೈಯನ್ನು ಮುಟ್ಟಲಿಲ್ಲ. "ಕೂತುಕೋ, ಹಾಲು ಆರಲಿ" ಎಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಅಂಬಿಗನಿದ್ದ. ಊರಿಗೂ ಪೇಟೆಗೂ ನಡುವೆ ಹೊಳೆ. ಹರಿಗೋಲಿನಲ್ಲಿ ಜನರನ್ನು ಆಚೆ ದಡ ಮುಟ್ಟಿಸುವುದು ಅವನ ಕಸುಬು. ಇಬ್ಬರು ಗಂಡುಮಕ್ಕಳು, ಅವರೂ ಹುಟ್ಟು ಹಿಡಿದವರೇ. ಇಬ್ಬರು ಸೊಸೆಯರು. ಮನೆ ಒಂದು, ಒಲೆ ಒಂದು. ಆ ಒಲೆಯ ಯಜಮಾನಿಕೆ ಅಂಬಿಗನ ಹೆಂಡತಿಯದು.

ಈ ಹೆಂಗಸಿನ ವಿಷಯ ಸ್ವಲ್ಪ ಹೇಳಬೇಕು. ಪೇಟೆಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕೊಸರವ್ವ ಎಂದರೆ ಎಲ್ಲರಿಗೂ ಗೊತ್ತು. ಅಂಗಡಿಯವನು ಅಳೆದು ಹಾಕಿದ ಮೇಲೂ ಇನ್ನಷ್ಟು ಹಾಕಿಸಿಕೊಳ್ಳುವುದಕ್ಕೆ ಕೊಸರು ಎನ್ನುತ್ತೇವಲ್ಲ, ಅದನ್ನು ಕೇಳದೆ ಅವಳು ಒಂದು ಕಟ್ಟು ಸೊಪ್ಪನ್ನೂ ಕೊಂಡವಳಲ್ಲ. ಕೇಳುವುದರಲ್ಲಿ ಅವಳಿಗೆ ಒಂದು ನಯವಿತ್ತು. ಮೊದಲು ಅಂಗಡಿಯವನ ಹೆಂಡತಿಯ ಮೊಣಕಾಲು ನೋವು ಹೇಗಿದೆ ಎಂದು ವಿಚಾರಿಸುವಳು. ಆಮೇಲೆ ಅವನ ಕೈ ದೊಡ್ಡ ಕೈ ಎನ್ನುವಳು. ಆಮೇಲೆ ಸೆರಗು ಒಡ್ಡುವಳು. ಅವನು ನಕ್ಕು ಒಂದು ಹಿಡಿ ಮೇಲೆ ಹಾಕುವನು. ಬೈಸಿಕೊಂಡು ಯಾರೂ ಕೊಸರು ಕೊಡುವುದಿಲ್ಲ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅಷ್ಟು ಬುದ್ಧಿ ಅಂಗಡಿಯಲ್ಲಿ ಮಾತ್ರ ಇತ್ತು. ಮನೆಗೆ ಬಂದಾಗ ಅದು ಇರಲಿಲ್ಲ, ನಮ್ಮೆಲ್ಲರ ಹಾಗೆ.

ಹೊಳೆಗೆ ಸೇತುವೆ ಬಂತು. ಊರೆಲ್ಲ ಸಂತೋಷಪಟ್ಟಿತು. ಅಂಬಿಗನ ಮನೆಯವರು ಬಾಗಿಲಲ್ಲಿ ನಿಂತು ನೋಡಿದರು. ಗಾಡಿಯವರು, ಸಂತೆಗೆ ಹೋಗುವವರು, ಮದುವೆ ದಿಬ್ಬಣದವರು ಎಲ್ಲರೂ ಸೇತುವೆ ಹಿಡಿದರು. ಸೇತುವೆ ದೂರವಾದ ಕೆಳಗಿನ ಹಳ್ಳಿಗಳವರು ಮಾತ್ರ ಹರಿಗೋಲು ಹತ್ತಿದರು. ಸಂಪಾದನೆ ಅರ್ಧಕ್ಕೆ ಇಳಿಯಿತು. ಉಣ್ಣುವ ಬಾಯಿ ಆರಿದ್ದವು, ಆರೇ ಉಳಿದವು.

ಅರ್ಧ ಬಂದರೆ ಅರ್ಧ ಉಣ್ಣಬೇಕು ಎಂದು ಹೆಂಗಸು ತೀರ್ಮಾನ ಮಾಡಿದಳು. ತೀರ್ಮಾನದಲ್ಲಿ ತಪ್ಪೇನೂ ಇರಲಿಲ್ಲ. ಮರುದಿನವೇ ಎಲ್ಲವನ್ನೂ ಅರ್ಧ ಮಾಡಿದಳು. ದಿನಸಿಯ ಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡಳು. ನೀನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ, ಅಷ್ಟೇ ವ್ಯತ್ಯಾಸ. ಎಲೆಅಡಿಕೆ ಒಂದನ್ನು ಮಾತ್ರ ಅವಳು ಮುಟ್ಟಲಿಲ್ಲ. ಅದು ದಿನಸಿಯಲ್ಲ ಎಂಬುದು ಅವಳ ನ್ಯಾಯ.

ಮೂರು ದಿನ ಎಲ್ಲರೂ ಹಾಕಿದಷ್ಟನ್ನು ಉಂಡೆದ್ದರು. ನಾಲ್ಕನೆಯ ದಿನ ಗಂಡುಮಕ್ಕಳು ಪೇಟೆಯ ಖಾನಾವಳಿಯಲ್ಲಿ ಉಂಡು ಬಂದು, ಮನೆಯಲ್ಲಿ ಹಸಿವಿಲ್ಲ ಎಂದರು. ಕಿರಿಯ ಸೊಸೆ ತವರಿಗೆ ಹೋಗಿ ಎಂಟು ದಿನ ಹೊಟ್ಟೆ ತುಂಬ ಉಂಡು ಬಂದಳು. ಹಿರಿಯ ಸೊಸೆ ಎಲ್ಲಿಂದಲೋ ಒಂದು ಅಚ್ಚು ಬೆಲ್ಲ ತಂದು ತನ್ನ ಸೀರೆಯ ಪೆಟ್ಟಿಗೆಯಲ್ಲಿ ಅಡಗಿಸಿಟ್ಟಳು. ಮನೆಗೆ ಬರುವ ದಿನಸಿ ಚೀಲ ಅರ್ಧವಾಯಿತು ನಿಜ. ಹೊರಗೆ ಹೋದ ದುಡ್ಡು ಉಳಿದದ್ದಕ್ಕಿಂತ ಹೆಚ್ಚಾಯಿತು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಒಂದು ಮಧ್ಯಾಹ್ನ ಹಿರಿಯ ಮಗ ಬಂದು, "ಅವ್ವ, ಹಿಂಗೆ ಆಗಲ್ಲ. ಒಲೆ ಬ್ಯಾರೆ ಮಾಡಿಬುಡವ" ಎಂದ. ಕಿರಿಯವನು ಬೇಡ ಎನ್ನಲಿಲ್ಲ. ಅಮಾವಾಸ್ಯೆ ಕಳೆದ ಮೇಲೆ ಎರಡನೆಯ ಒಲೆ ಹೂಡುವುದೆಂದು ಮಾತಾಯಿತು. ಕಿರಿಯ ಸೊಸೆ ಹೊಳೆಯ ದಂಡೆಯಿಂದ ಮೂರು ಕಲ್ಲು ಆರಿಸಿ ತಂದು ಹಿತ್ತಲಲ್ಲಿ ಇಟ್ಟಳು.

ಆ ಮೂರು ಕಲ್ಲುಗಳನ್ನು ನೋಡಿದಾಗ ಹೆಂಗಸು ಹೆದರಿದಳು. ಸೇತುವೆ ಬಂದಾಗಲೂ ಅವಳು ಅಷ್ಟು ಹೆದರಿರಲಿಲ್ಲ. ಅರ್ಧ ಹೊಟ್ಟೆಯಲ್ಲಿ ಮಲಗುವುದು ಅವಳಿಗೆ ಹೊಸದಲ್ಲ. ಮಕ್ಕಳು ಬೇರೆ ಬೇರೆ ಕೂತು ಉಣ್ಣುವುದನ್ನು ಅದೇ ಮನೆಯಲ್ಲಿ ಕೂತು ನೋಡುವುದು ಅವಳ ಕೈಲಾಗುತ್ತಿರಲಿಲ್ಲ.

ಅಮಾವಾಸ್ಯೆಗೆ ನಾಲ್ಕು ದಿನ ಇದ್ದಾಗ ಅವಳು ದಿನಸಿಗೆ ಹೋದಳು. ಮನಸ್ಸು ಎಲ್ಲೋ ಇತ್ತು. ಆದರೂ ಬೇಳೆ ಅಳೆದಾದ ಮೇಲೆ ಅಭ್ಯಾಸಬಲದಿಂದ ಸೆರಗು ಒಡ್ಡಿದಳು. ಅಂಗಡಿಯವನು ಒಂದು ಹಿಡಿ ಹಾಕಿದ. ಎಂದೂ ಕೇಳದ ಒಂದು ಮಾತನ್ನು ಅವಳು ಆವತ್ತು ಕೇಳಿದಳು.

"ಅಲ್ಲ ಕಣಪ್ಪ, ಮೂವತ್ತು ವರ್ಷದಿಂದ ಹಾಕ್ತಾನೇ ಇದ್ದೀಯಲ್ಲ, ನಿನಗೆ ಲುಕ್ಸಾನು ಆಗಲಿಲ್ವ?"

"ಮೂಟೇನೇ ಕೇಳಿದ್ರೆ ನಾನು ಬಾಗಿಲು ಹಾಕ್ಕೊತಿದ್ದೆ ಕಣವ್ವ. ನೀನು ಕೇಳಿದ್ದು ಒಂದು ಹಿಡಿ. ಅದೂ ನಗ್ತಾ ಕೇಳಿದೆ. ಹೋದದ್ದೇ ಗೊತ್ತಾಗಲಿಲ್ಲ" ಎಂದು ಅವನು ಹೇಳಿ ಮುಂದಿನವರಿಗೆ ಅಳೆಯತೊಡಗಿದ.

ಅವಳು ಸೆರಗು ಹಿಡಿದುಕೊಂಡು ಅಲ್ಲೇ ನಿಂತಳು. ಹಿಂದೆ ನಿಂತವರು ಗದರಿದ ಮೇಲೆ ಹೊರಟಳು.

ಮನೆಗೆ ಬಂದವಳೇ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿದಳು. ಸೆರಗಿನಿಂದ ಬೀಗದ ಕೈ ಬಿಚ್ಚಿ ಗೋಡೆಯ ಮೊಳೆಗೆ ತೂಗುಹಾಕಿದಳು. ಸದ್ಯಕ್ಕೆ ಕೂಡಿಟ್ಟದ್ದನ್ನು ಬಿಚ್ಚಿ ದಿನಸಿ ಮೊದಲಿನಷ್ಟೇ ತರೋಣ ಎಂದಳು. ಎಲ್ಲರ ಮುಖ ಅರಳಿತು. "ಆದರೆ ಇನ್ನು ಮೇಲೆ ಈ ಮನೇಲಿ ಎಲ್ಲಾರೂ ಕೊಸರು ಕೊಡಬೇಕು" ಎಂದಳು. ತನಗೆ ಯಾವುದು ಪ್ರೀತಿಯೋ ಅದರಲ್ಲಿ ಒಂದು ಚಿಟಿಕೆ, ಒಂದು ಹಿಡಿ, ಹೋದದ್ದು ಗೊತ್ತಾಗದಷ್ಟು. ಅದನ್ನು ಒಂದು ಗಡಿಗೆಯಲ್ಲಿ ಹಾಕಿಡುವುದು. ಗಡಿಗೆಯಲ್ಲಿ ಇದ್ದಷ್ಟನ್ನು ಮುಂದಿನ ಸಲ ಅಂಗಡಿಯಿಂದ ತರದಿರುವುದು. ತನ್ನ ಕೊಸರನ್ನು ತಾನೇ ಹಾಕುವಂತಿಲ್ಲ, ಇನ್ನೊಬ್ಬರು ಬಂದು ಕೇಳಬೇಕು. ಕೇಳುವವರು ನಗುತ್ತ ಕೇಳಬೇಕು. ಕೇಳಿದ ಮೇಲೆ ಕೊಡಬೇಕು.

ಮನೆಯವರು ಮುಖಮುಖ ನೋಡಿಕೊಂಡರು. ಮುದುಕಿಗೆ ತಲೆ ಕೆಟ್ಟಿತೆಂದು ಹಿರಿಯ ಮಗನಿಗೆ ಅನಿಸಿತು. ಆಗ ಕಿರಿಯ ಸೊಸೆ ಎದ್ದು ಬಂದು ಅತ್ತೆಯ ಮುಂದೆ ಸೆರಗು ಒಡ್ಡಿದಳು.

"ಅತ್ತೆ, ಮೊಣಕಾಲು ನೋವು ಹೆಂಗದೆ? ನಿಮ್ಮ ಕೈ ದೊಡ್ಡ ಕೈ. ಎಲೆಅಡಿಕೆ ಚೀಲದಿಂದ ಒಂದು ಕೊಸರು ಹಾಕಿ."

ಹೆಂಗಸಿನ ಕೈ ತಾನಾಗಿಯೇ ಹೋಗಿ ಎಲೆಅಡಿಕೆ ಚೀಲವನ್ನು ಬಿಗಿಯಾಗಿ ಹಿಡಿಯಿತು. ಸಿಟ್ಟು ನೆತ್ತಿಗೇರಿತು. ಕಿಟಕಿಯಿಂದ ಹಿತ್ತಲಿನ ಮೂರು ಕಲ್ಲುಗಳು ಕಾಣುತ್ತಿದ್ದವು. ಅವಳು ಚೀಲ ಬಿಚ್ಚಿ ಒಂದು ಎಲೆ ತೆಗೆದು ಸೊಸೆಯ ಸೆರಗಿಗೆ ಹಾಕಿದಳು.

"ಬರೀ ಎಲೇನಾ ಅತ್ತೆ? ಒಂದು ಚೂರು ಅಡಿಕೆ?"

ಮೊದಲು ನಕ್ಕವನು ಅಂಬಿಗ. ಆಮೇಲೆ ಮನೆಯೇ ನಕ್ಕಿತು. ಹದಿನೈದು ದಿನದಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ನಗು ಇನ್ನೂ ಮುಗಿದಿರಲಿಲ್ಲ, ಹಿರಿಯ ಸೊಸೆ ಒಳಗೆ ಹೋಗಿ ಸೀರೆಯ ಪೆಟ್ಟಿಗೆ ತೆಗೆದಳು. ಅರ್ಧ ಕರಗಿದ್ದ ಬೆಲ್ಲದ ಅಚ್ಚನ್ನು ತಂದು ಗಡಿಗೆಗೆ ಹಾಕಿದಳು. ಅದು ಎಲ್ಲಿಂದ ಬಂತೆಂದು ಅತ್ತೆ ಕೇಳಲಿಲ್ಲ. ಕೇಳಬೇಕೆಂದು ನಾಲಿಗೆ ತುರಿಸಿತ್ತು, ನುಂಗಿಕೊಂಡಳು. ಅದು ಅವಳ ಎರಡನೆಯ ಕೊಸರು.

ಅಮಾವಾಸ್ಯೆ ಬಂದು ಹೋಯಿತು. ಒಲೆ ಹೂಡುವ ಮಾತನ್ನು ಯಾರೂ ಎತ್ತಲಿಲ್ಲ. ಇನ್ನೊಂದು ಅಮಾವಾಸ್ಯೆ ನೋಡೋಣ ಎಂದು ಎಲ್ಲರ ಮನಸ್ಸಿನಲ್ಲಿತ್ತು.

ಹಿರಿಯ ಸೊಸೆಯದು ಒಗ್ಗರಣೆಗೆ ಎಣ್ಣೆ ಸುರಿಯುವ ಕೈ. ಕಿರಿಯವಳು ಪಕ್ಕದಲ್ಲಿ ನಿಂತು "ಕೊಸರು, ಅಕ್ಕ" ಎಂದರೆ ಅವಳು ಅರ್ಧ ಚಮಚ ಹಿಂದಕ್ಕೆ ಹಾಕುವಳು. ಕಿರಿಯವಳಿಗೆ ತವರಿನ ಹಾಗೆ ಗಟ್ಟಿ ಬೇಳೆಯ ಸಾರೇ ಆಗಬೇಕು. ಹಿರಿಯವಳು ಒಂದು ಹಿಡಿ ಬೇಳೆ ಇಸಿದುಕೊಂಡು, ಅದರ ಬದಲು ಹಿತ್ತಲಿನ ಸೊಪ್ಪು ಅರೆದು ಹಾಕುವುದನ್ನು ತೋರಿಸಿಕೊಟ್ಟಳು. ಕಿರಿಯ ಮಗ ಊಟಕ್ಕೆ ಮುಂಚೆ ಒಂದು ಬೊಗಸೆ ಕಡಲೆಕಾಯಿ ತಿನ್ನುವವನು. ಅಣ್ಣ ಬಂದು ಪಕ್ಕದಲ್ಲಿ ಕೂತು, ನಾಲ್ಕು ಕಾಯಿ ಕೊಸರು ಕೇಳಿ, ಊಟ ಬರುವವರೆಗೆ ಮಾತಿಗೆಳೆಯುವನು. ಮಧ್ಯಾಹ್ನ ಅತ್ತೆಗೆ ಎಲೆಅಡಿಕೆ ನೆನಪಾಗಿ ಆಕಳಿಕೆ ಮೇಲೆ ಆಕಳಿಕೆ ಬರುವ ಹೊತ್ತಿಗೆ ಕಿರಿಯ ಸೊಸೆ ಬಾಚಣಿಗೆ ಹಿಡಿದು ಬಂದು ತಲೆ ಬಾಚುತ್ತ ತವರಿನ ಸುದ್ದಿಯನ್ನೆಲ್ಲ ಹೇಳುವಳು. ತವರಿನವರ ಮೇಲೆ ಇಷ್ಟು ಚಾಡಿ ಇದೆಯೆಂದು ಅತ್ತೆಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಆಕಳಿಕೆ ಎಲ್ಲಿಯೋ ಹೋಗುತ್ತಿತ್ತು.

ಒಂದು ತಿಂಗಳಾದ ಮೇಲೆ ಒಂದು ಹಿಡಿಯ ಜಾಗದಲ್ಲಿ ಎರಡು ಹಿಡಿ ಕೇಳುವುದಾಯಿತು. ಆ ವೇಳೆಗೆ ಮೊದಲಿನ ಹಿಡಿ ಹೋದದ್ದನ್ನು ಎಲ್ಲರೂ ಮರೆತಿದ್ದರು.

ಎಲ್ಲವೂ ಸಲೀಸಾಗಿ ನಡೆಯಿತೆಂದು ತಿಳಿಯಬೇಡ. ಗೌರಿಹಬ್ಬಕ್ಕೆ ಹಿರಿಯ ಸೊಸೆಯ ಅಣ್ಣ ಸಂಸಾರ ಸಮೇತ ಬಂದ. ಅವಳ ಕೈ ನಿಲ್ಲಲಿಲ್ಲ. ನಾಲ್ಕು ದಿನ ಕರಿದದ್ದೇ ಕರಿದದ್ದು. ಗಡಿಗೆ ಖಾಲಿಯಾಯಿತು, ದಿನಸಿ ಚೀಲವೂ ತಳ ಕಂಡಿತು. ನೆಂಟರು ಹೋದ ಮೇಲೆ ಅವಳು ಒಲೆಯ ಮುಂದೆ ಕೂತು ಅಳತೊಡಗಿದಳು. ತನ್ನಿಂದ ಮನೆ ಒಡೆಯಿತು ಎಂದಳು. ಅತ್ತೆಯ ಬಾಯಿ ಇನ್ನೇನು ತೆರೆಯಬೇಕು, ಮೂಲೆಯಲ್ಲಿ ಬಲೆ ಹೆಣೆಯುತ್ತಿದ್ದ ಅಂಬಿಗ ತಲೆಯೆತ್ತದೆ ಹೇಳಿದ: "ನೀರು ಜಾಸ್ತಿ ಇತ್ತು, ಹರಿಗೋಲು ಹಿಂದಕ್ಕೆ ಹೋಯ್ತು. ನಾಳೆ ಹುಟ್ಟು ಹಾಕಿದ್ರಾಯ್ತು ಬುಡು ಮಗಳೇ."

ಅತ್ತೆ ತೆರೆದ ಬಾಯಿಯನ್ನು ಮುಚ್ಚಲಿಲ್ಲ, ಮಾತನ್ನು ಮಾತ್ರ ಬದಲಾಯಿಸಿದಳು. "ಏಳವ್ವ, ಎಲ್ಲಾರಿಗೂ ಕಾಫಿ ಕಾಸು. ಬೆಲ್ಲ ಕೊಸರು ಕಳೆದು ಹಾಕು" ಎಂದಳು. ಸೊಸೆ ಮೂಗು ಒರೆಸಿಕೊಂಡು ಎದ್ದಳು. ಅವಳಿಗೆ ಎಷ್ಟು ಹಗುರವಾಯಿತೆಂದರೆ ಬೆಲ್ಲವನ್ನೇ ಹಾಕಲು ಮರೆತಳು. ಎಲ್ಲರೂ ಸಪ್ಪೆ ಕಾಫಿಯನ್ನು ತುಟಿ ಪಿಟಕ್ಕೆನ್ನದೆ ಕುಡಿದರು.

ಮುಂದಿನ ಗೌರಿಹಬ್ಬಕ್ಕೆ ಹೆಂಗಸು ಪೇಟೆಗೆ ಹೋದಾಗ ಅವಳ ಚೀಲ ಮೊದಲಿನದರ ಅರ್ಧವಿತ್ತು. ಒಂದು ದಿನದಲ್ಲಿ ಮಾಡಲು ಹೋಗಿ ಮನೆ ಒಡೆಯಲಿದ್ದ ಕೆಲಸ ಒಂದು ವರ್ಷಕ್ಕೂ ಹೆಚ್ಚು ಹಿಡಿದು ಯಾರಿಗೂ ಗೊತ್ತಿಲ್ಲದೆ ಆಗಿಹೋಗಿತ್ತು. ಹಿತ್ತಲಿನ ಮೂರು ಕಲ್ಲುಗಳ ಮೇಲೆ ಸೊಸೆಯರು ನೀರಿನ ಹಂಡೆ ಇಟ್ಟಿದ್ದರು. ಆರು ಜನ ಒಟ್ಟಿಗೇ ಉಣ್ಣುತ್ತಿದ್ದರು.

ಅಂಗಡಿಯವನಿಗೆ ಅನುಮಾನ. "ಏನವ್ವ, ಬೇರೆ ಅಂಗಡಿ ಹಿಡಿದೆಯಾ?" ಎಂದ. ಅವಳು ಇಲ್ಲ ಎಂದು ನಕ್ಕಳು. ಅವನು ಬೇಳೆ ಅಳೆದು, ಅವಳು ಕೇಳುವ ಮೊದಲೇ ಕೊಸರಿಗೆ ಕೈ ಹಾಕಿದ. "ಸಾಕು ಬುಡಪ್ಪ" ಎಂದಳು. ಅವಳ ಬಾಯಿಯಿಂದ ಆ ಮಾತನ್ನು ಪೇಟೆ ಎಂದೂ ಕೇಳಿರಲಿಲ್ಲ. ಅಂಗಡಿಯವನ ಕೈ ಬೇಳೆಯ ಮೂಟೆಯಲ್ಲೇ ಉಳಿಯಿತು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಗುರುಪಾದನಿಗೆ ಹದಿನೈದು ದಿನದಿಂದ ಎದೆಯ ಮೇಲಿದ್ದ ಭಾರ ಇಳಿದಂತಾಯಿತು. ಒಪ್ಪಿಸಲು ತಂದಿದ್ದ ಬೀಗದ ಕೈಯನ್ನು ಎತ್ತಿಕೊಂಡ. ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹೋಗಿ, ಏನೋ ನೆನಪಾಗಿ, ಅಂಗೈಯಲ್ಲೇ ಹಿಡಿದುಕೊಂಡ. "ತಿಳಿಯಿತು ಬುದ್ಧಿ. ಇದನ್ನು ಅಡುಗೆಮನೆಯ ಮೊಳೆಗೆ ತೂಗುಹಾಕುತ್ತೇನೆ. ಅಡುಗೆಯವರಿಂದ ಹಿಡಿದು ಎಲ್ಲರ ಹತ್ತಿರವೂ ಹೋಗಿ ನಗುತ್ತ ಕೊಸರು ಕೇಳುತ್ತೇನೆ. ಯಾರನ್ನೂ ಬಿಡುವುದಿಲ್ಲ" ಎಂದ.

ಗುರುಗಳು ಪಕ್ಕದಲ್ಲಿದ್ದ ಲೋಟವನ್ನು ಅವನ ಮುಂದಕ್ಕೆ ಸರಿಸಿದರು. ಹಾಲು ಕಂಠದವರೆಗೆ ತುಂಬಿತ್ತು, ಮೇಲೆ ದಪ್ಪನೆಯ ಕೆನೆ ಕಟ್ಟಿತ್ತು.

"ಮಠದಲ್ಲಿ ಎಲ್ಲವನ್ನೂ ಅರ್ಧ ಮಾಡಿದವನು ಇದನ್ನು ಮಾತ್ರ ತುಂಬಿಸಿ ತಂದಿದ್ದೀಯಲ್ಲಪ್ಪ, ನನ್ನ ಕೊಸರನ್ನು ಯಾರು ಕೇಳುತ್ತಾರೆ?"

ಗುರುಪಾದ ಎದ್ದು ಒಳಗೆ ಹೋಗಿ ಒಂದು ಖಾಲಿ ಬಟ್ಟಲು ತಂದು, ನಗುತ್ತ ಗುರುಗಳ ಮುಂದೆ ಒಡ್ಡಿದ.