ಬುಟ್ಟಿ ಸಂಕವ್ವ ಮತ್ತು ದೊರೆಯ ಮೂರು ಒಗಟು

"ಮಣಿಕುಂಟೆಯ ಜನರೇ, ಕೇಳಿರಿ. ಬರುವ ಅಮಾವಾಸ್ಯೆಯಿಂದ ಪೇಟೆಯಲ್ಲಿ ಹಿರಿಯ ಮನೆತನಗಳ ಅಂಗಡಿಗಳಷ್ಟೇ ತೆರೆಯತಕ್ಕದ್ದು. ಬುಟ್ಟಿ ಹೊತ್ತು ಮಾರುವವರು, ನೆಲಕ್ಕೆ ಹಾಸಿಕೊಂಡು ಮಾರುವವರು ಪೇಟೆಯ ಬಾಗಿಲೊಳಗೆ ಕಾಲಿಡಕೂಡದು. ಒಪ್ಪದವರು ಅರಮನೆಗೆ ಬಂದು ಭೀಮರಸ ದೊರೆಗಳ ಮೂರು ಒಗಟು ಬಿಡಿಸಲಿ. ಬಿಡಿಸಿದವರ ಮಾತಿನಂತೆ ಪೇಟೆ ನಡೆಯುತ್ತದೆ. ತಪ್ಪಿದವರ ತಲೆ ಉಳಿಯುವುದಿಲ್ಲ."

ಡಂಗುರದವನು ಹೀಗೆ ಸಾರುತ್ತ ಬಂದಾಗ ಸಂಕವ್ವ ಪೇಟೆಯ ಬಾಗಿಲ ಬಳಿ ಕೂತು ಒಗ್ಗರಣೆ ಮಂಡಕ್ಕಿ ಮಾರುತ್ತಿದ್ದಳು. ಇನ್ನೂ ಮದುವೆಯಾಗದ ಹುಡುಗಿ. ಅಪ್ಪ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದುದು ಅವಳ ಬುಟ್ಟಿಯಿಂದಲೇ. ಪಕ್ಕದಲ್ಲಿ ಬಳೆ ಮಾರುವವಳು ಅಳುತ್ತ ಗಂಟು ಕಟ್ಟಿದಳು. ಸಂಕವ್ವ ಕಟ್ಟಲಿಲ್ಲ. ಬುಟ್ಟಿ ಖಾಲಿಯಾಗುವ ತನಕ ಮಾರಿ, ಸೆರಗು ಕೊಡವಿ ಎದ್ದಳು.

"ಅರಮನೆಗೆ ಹೋಗ್ತೀನವ್ವಾ" ಎಂದಳು ಮನೆಗೆ ಬಂದು.

"ಹುಚ್ಚು ಹಿಡಿದಿದೆಯೇನೇ ನಿನಗೆ? ಪಕ್ಕದೂರಿಗೆ ಹೋಗಿ ಕೂಲಿ ಮಾಡಿ ಬದುಕಿದರಾಯಿತು" ಎಂದಳು ತಾಯಿ.

"ಕೂಲಿ ಮಾಡೋದಕ್ಕೆ ನಾಚಿಕೆಯಿಲ್ಲ. ಅವರು ಓಡಿಸಿದರು ಅಂತ ಓಡೋದಕ್ಕೆ ಇದೆ."

ಅರಮನೆಯ ಅಂಗಳದಲ್ಲಿ ಜನ ಕಿಕ್ಕಿರಿದಿತ್ತು. ಇಡೀ ಪೇಟೆ ತಮ್ಮ ಮಾತಿನಂತೆ ನಡೆಯುವುದೆಂದರೆ ಸಣ್ಣ ಆಸೆಯಲ್ಲ. ದೊಡ್ಡ ವ್ಯಾಪಾರಿಗಳಿಬ್ಬರು ಅವಳಿಗಿಂತ ಮುಂಚೆಯೇ ಬಂದು ನಿಂತಿದ್ದರು. ಭೀಮರಸ ಮೊದಲ ಒಗಟು ಹಾಕಿದ.

"ಜೋಪಾನವಾಗಿ ಬಚ್ಚಿಟ್ಟರೆ ಸಾಯುತ್ತದೆ. ಎಸೆದರೆ ಬದುಕುತ್ತದೆ. ಎಸೆಯುವಾಗ ಒಡೆಯನ ಎದೆ ನಡುಗುತ್ತದೆ. ಏನದು?"

ರೇಷ್ಮೆ ವ್ಯಾಪಾರಿ ಗುಮ್ಮಟಶೆಟ್ಟಿ ಮುಂದೆ ಬಂದ. "ದಾನ, ಮಹಾಸ್ವಾಮಿ. ಕೊಟ್ಟದ್ದೇ ಉಳಿಯುವುದು."

"ದಾನ ಮಾಡುವಾಗ ನಿನ್ನ ಎದೆ ನಡುಗಬಹುದು, ದಾನಿಗಳ ಎದೆ ನಡುಗುವುದಿಲ್ಲ" ಎಂದ ದೊರೆ. ಭಟರು ಶೆಟ್ಟಿಯ ತೋಳು ಹಿಡಿದರು.

ಗಂಧದ ವ್ಯಾಪಾರಿ ನೇಮಣ್ಣ ಜಾಣ. ಹೊಗಳಿದರೆ ತಲೆ ಉಳಿದೀತೆಂದು ಸಾಷ್ಟಾಂಗ ಬಿದ್ದು, "ಅದು ತಮ್ಮ ಕೃಪೆ, ಪ್ರಭೂ" ಎಂದ. ದೊರೆಗೆ ನಗು ಬಂತು. "ಕೃಪೆಯನ್ನು ಎಸೆಯುವಾಗ ನನ್ನ ಎದೆ ಎಂದೂ ನಡುಗಿಲ್ಲ" ಎಂದು ಕೈ ಬೀಸಿದ. ನೇಮಣ್ಣನನ್ನೂ ಸೆರೆಮನೆಗೆ ಎಳೆದೊಯ್ದರು. ಇಬ್ಬರ ತಲೆಯೂ ಸಂಜೆಗೆ ಉರುಳುವುದಿತ್ತು.

ಜನ ಹಿಂದೆ ಸರಿದರು. ಸಂಕವ್ವ ಮುಂದೆ ನಡೆದಳು. ಸಿಂಹಾಸನದ ಎದುರು ಹೋಗಿ ನಿಂತಳು.

"ಬೀಜ" ಎಂದಳು.

ದೊರೆಯ ಹುಬ್ಬು ಮೇಲೇರಿತು. "ಎರಡನೆಯದು ಕೇಳು. ತನ್ನ ಮೈಯನ್ನು ತಾನೇ ಸುಲಿದು ಬಿಸಾಡಿದರೆ ಬೆಳೆಯುತ್ತದೆ. ಸುಲಿಯುವ ದಿನ ಹತ್ತಿರವಾದಾಗ ಕಣ್ಣು ಮಂಜಾಗುತ್ತದೆ, ಎದುರಿಗಿನ ದಾರಿ ಕಾಣದು. ಸುಲಿಯದೆ ಬಿಟ್ಟರೆ ತನ್ನ ಮೈಯೊಳಗೇ ಉಸಿರುಗಟ್ಟುತ್ತದೆ."

"ಪೊರೆ ಬಿಡುವ ಹಾವು."

ಜನರಲ್ಲಿ ಗುಜುಗುಜು ಎದ್ದಿತು. ದೊರೆ ಸಿಂಹಾಸನದಿಂದ ಮುಂದಕ್ಕೆ ಬಾಗಿದ. "ಮೂರನೆಯದು. ಅರಮನೆಗೂ ಗುಡಿಸಲಿಗೂ ತಪ್ಪದೆ ಬರುತ್ತದೆ. ಯಾವ ಭಟನೂ ತಡೆಯಲಾರ. ಬಂದ ಮೇಲೆ ಹಿಂದೆ ಓಡಿದವನಿಗೆ ಸಿಗದು, ಬರುವ ಮೊದಲೇ ಎದ್ದು ನಿಂತವನಿಗೆ ಪೂರ್ತಿ ಸಿಗುತ್ತದೆ."

"ಬೆಳಗು."

"ತಪ್ಪು" ಎಂದುಬಿಟ್ಟ ದೊರೆ.

ಭಟರು ಹತ್ತಿರ ಬಂದರು. ಸಂಕವ್ವ ಕದಲಲಿಲ್ಲ. "ಹಾಗಾದರೆ ಸರಿಯಾದ ಉತ್ತರ ಯಾವುದು, ತಾವೇ ಹೇಳಬೇಕು. ನನ್ನ ಮಾತಿಗಿಂತ ಅದು ಚೆನ್ನಾಗಿ ಹೊಂದಿದರೆ ನಾನೇ ಕತ್ತು ಬಾಗಿಸುತ್ತೇನೆ. ಕೇಳದೆ ಮಾತ್ರ ಸಾಯೋದಿಲ್ಲ."

ದೊರೆ ಮಂತ್ರಿಯತ್ತ ನೋಡಿದ. ಮಂತ್ರಿ ನೆಲ ನೋಡಿದ. ಅಂಗಳದ ಜನ ಉತ್ತರಕ್ಕೆ ಕಾದರು, ಯಾರೊಬ್ಬರೂ ಚದುರಲಿಲ್ಲ. ಕಡೆಗೆ ಭೀಮರಸನ ಬಾಯಿಂದ ಮಾತು ಹೊರಟಿತು.

"ನಿನ್ನ ಉತ್ತರವೇ ಸರಿ. ಬೇರೆ ಉತ್ತರ ನನ್ನಲ್ಲಿಲ್ಲ. ಇವನ್ನೆಲ್ಲ ಎಲ್ಲಿ ಕಲಿತೆ?"

"ತಾವು ಮುಚ್ಚಬೇಕೆಂದಿರೋ ಬುಟ್ಟಿಯಲ್ಲಿ. ನಮ್ಮಪ್ಪ ಬರೀ ಮಂಡಕ್ಕಿ ಮಾರುತ್ತಿದ್ದ. ದೊಡ್ಡ ಅಂಗಡಿಯಲ್ಲೂ ಅದೇ ಮಂಡಕ್ಕಿ, ಹಾಗಾಗಿ ನಮ್ಮ ಕಡೆ ಯಾರೂ ತಿರುಗಲಿಲ್ಲ. ಅಪ್ಪನ ವ್ಯಾಪಾರ ಬಿಡೋವಾಗ ನನಗೂ ಕಣ್ಣು ಮಂಜಾಗಿತ್ತು. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟರೆ ಜನ ತಿಂತಾರೋ ಉಗೀತಾರೋ ಗೊತ್ತಿರಲಿಲ್ಲ. ಮನೆಯಲ್ಲಿ ಉಳಿದಿದ್ದ ಕಡೇ ಭತ್ತವನ್ನೂ ಅದಕ್ಕೇ ಸುರಿದೆ. ಇಟ್ಟುಕೊಂಡಿದ್ದರೆ ನಾಲ್ಕು ದಿನ ಉಂಡು ಮುಗಿಸುತ್ತಿದ್ದೆವು. ಆಮೇಲೆ ನೋಡಿದೆ, ಹೊಳೆ ದಾಟೋ ಗಾಡಿಯವರು ನಸುಕಲ್ಲೇ ಹಸಿದು ಹೊರಡ್ತಾರೆ, ಆಗ ಯಾವ ಅಂಗಡಿಯೂ ತೆರೆದಿರೋದಿಲ್ಲ. ಅವರಿಗಿಂತ ಮೊದಲು ಕಡವಿನಲ್ಲಿ ನಿಂತೆ. ಹಿರಿಯ ಮನೆತನದವರಿಗೆ ಅಲ್ಲಿ ನಿಲ್ಲಬೇಡಿ ಅಂತ ನಾನು ಹೇಳಿರಲಿಲ್ಲ. ಅವರು ಎದ್ದು ಬರಲಿಲ್ಲ, ತಮ್ಮ ಹತ್ತಿರ ದೂರು ತಂದರು."

ದೊರೆ ಸಿಂಹಾಸನದಿಂದ ಇಳಿದ. "ಅರಮನೆಯ ಉಗ್ರಾಣಕ್ಕೆ ನೀನೇ ಒಡತಿಯಾಗು" ಎಂದ.

"ಬೇಡ. ಡಂಗುರದಲ್ಲಿ ಸಾರಿದ್ದನ್ನು ಕೊಡಿ. ಪೇಟೆಯ ಬಾಗಿಲು ಎಲ್ಲರಿಗೂ ತೆರೆದಿರಲಿ. ಆ ಇಬ್ಬರನ್ನೂ ಬಿಟ್ಟುಬಿಡಿ. ಒಗಟು ಬಿಡಿಸಲಾಗದ ತಪ್ಪಿಗೆ ತಲೆ ಕಡಿಯೋ ಪೇಟೆಯಲ್ಲಿ ಹೊಸ ವ್ಯಾಪಾರಕ್ಕೆ ಯಾರು ಕೈ ಹಾಕ್ತಾರೆ?"

ಕೊಟ್ಟ ಮಾತು ಇಡೀ ಊರಿನ ಎದುರು ಕೊಟ್ಟದ್ದಾಗಿತ್ತು, ದೊರೆ ಒಪ್ಪಲೇಬೇಕಾಯಿತು. ಸಂಜೆಯೊಳಗೆ ಗುಮ್ಮಟಶೆಟ್ಟಿಯೂ ನೇಮಣ್ಣನೂ ಮನೆ ಸೇರಿದರು. ಪೇಟೆಯ ಯಜಮಾನಿಕೆಯ ಮುದ್ರೆ ಸಂಕವ್ವನ ಕೈ ಸೇರಿತು.

ಕೆಲ ದಿನ ಕಳೆದು ಹೊಸಬಳೊಬ್ಬಳು ಪೇಟೆಗೆ ಬಂದು ಸಂಕವ್ವನ ಎದುರಿಗೇ ಬುಟ್ಟಿ ಇಳಿಸಿದಳು. ಅದರಲ್ಲೂ ಒಗ್ಗರಣೆ ಮಂಡಕ್ಕಿ; ಮೇಲೆ ಹುರಿಗಡಲೆ ಪುಡಿ ಬೇರೆ ಉದುರಿಸಿದ್ದಳು. ಗಿರಾಕಿಗಳು ಅತ್ತ ಸರಿಯತೊಡಗಿದರು.

"ಪೇಟೆಯ ಯಜಮಾನಿ ನೀನು. ಎಬ್ಬಿಸೇ ಅವಳನ್ನ" ಎಂದು ಪಕ್ಕದಲ್ಲಿ ಕೂತಿದ್ದ ತಾಯಿ ತಿವಿದಳು.

ಸಂಕವ್ವ ಆ ಮಂಡಕ್ಕಿಯನ್ನು ಒಂದು ಹಿಡಿ ಕೊಂಡು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದಳು.

"ಚೆನ್ನಾಗಿದೆ ಕಣವ್ವಾ" ಎಂದಳು. "ಏಳು, ಮನೆಗೆ ಹೋಗೋಣ. ನಾಳೆಗೆ ಬೇರೆ ಏನಾದರೂ ಮಾಡಬೇಕು."